ಗಂಗಕ್ಕ ತಂದ ಮೂರು ಗಾಲಿಯ ಬೈಕು

ಕೇಳದೆ ಯಾರಾದರೂ ತೋಳು ಹಿಡಿದರೆ ಗಂಗಕ್ಕ ನಿಂತಲ್ಲೇ ನಿಂತುಬಿಡುತ್ತಿದ್ದಳು. ಹಿಡಿದವರು ಬಿಡುವ ತನಕ ಒಂದು ಹೆಜ್ಜೆಯನ್ನೂ ಇಡುತ್ತಿರಲಿಲ್ಲ. ಚಿಕ್ಕಂದಿನಲ್ಲೇ ಪೋಲಿಯೊ ಬಂದು ಬಲಗಾಲು ಸೋತಿತ್ತು. ಹಿರೇಬೆಂಡಿಗೇರಿಯಲ್ಲಿ ನಮ್ಮ ಪಕ್ಕದ ಮನೆ ಅವಳದು. ನಮ್ಮ ಓಣಿಯ ಹೆಂಗಸರ ಕುಪ್ಪಸಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು. ಅಳತೆ ಕೊಡುವಾಗ ನಾನು ಹೊಟ್ಟೆ ಎಳೆದುಕೊಂಡರೆ, "ಹಂಗ ಮಾಡಬ್ಯಾಡ, ನಾಳೆ ಇದರಾಗ ಉಸರಾಡಾಕಿ ನೀನ" ಎನ್ನುತ್ತಿದ್ದಳು.

ಶಿಗ್ಗಾಂವಕ್ಕೆ ಹೋಗಿ ದಾರ, ಅಸ್ತರು ತರಬೇಕೆಂದರೆ ಮಾತ್ರ ಅಣ್ಣ ಬಸಣ್ಣನ ಬಿಡುವು ಕಾಯಬೇಕಿತ್ತು. ಬಸಣ್ಣ ಕೆಟ್ಟವನಲ್ಲ, ತಂಗಿ ಎಲ್ಲಿ ಬಿದ್ದಾಳೋ ಎಂಬ ಹೆದರಿಕೆ ಅವನದು. ಶಿಗ್ಗಾಂವದ ಗೆಳತಿಯೊಬ್ಬಳ ಹತ್ತಿರ ಹಿಂದೆ ಒಂದರ ಬದಲು ಎರಡು ಗಾಲಿ ಜೋಡಿಸಿದ ಬೈಕಿತ್ತು. ಬಸಣ್ಣ ಅವಳನ್ನು ಗೆಳತಿಯ ಮನೆಯಲ್ಲಿ ಬಿಟ್ಟು ತನ್ನ ಕೆಲಸಕ್ಕೆ ಹೋದಾಗಲೆಲ್ಲ ಗಂಗಕ್ಕ ಅದರ ಮೇಲೆ ಕಲಿತು, ಲೈಸೆನ್ಸ್ ಕೈಗೆ ಬಂದ ಮೇಲಷ್ಟೇ ಮನೆಯಲ್ಲಿ ಬಾಯಿ ಬಿಟ್ಟಳು.

ಸವಣೂರಿನಲ್ಲಿ ಅಂಥದೇ ಒಂದು ಹಳೆಯ ಗಾಡಿ ಮಾರಾಟಕ್ಕಿದೆ ಎಂದು ತಿಳಿಯಿತು. ಬಸಣ್ಣ ನನ್ನನ್ನು ಕರೆದು, "ನಿನಗ ಗಾಡಿ ಬರ್ತೈತಲ್ಲ, ಆಕಿ ಸಂಗಾಟ ಹೋಗು. ಬರುವಾಗ ನೀನ ಹೊಡಕೊಂಡ ಬಾ" ಎಂದ.

ಮಾರುವವರು ಹುಸೇನಸಾಬರು. ಗಾಡಿ ಅವರ ತೀರಿಹೋದ ತಂದೆಯದು. ಕಾಲಿನ ತೊಂದರೆಯಿದ್ದ ಅವರು ಗೇರು, ಬ್ರೇಕು ಎರಡೂ ಕೈಗೆ ಸಿಗುವಂತೆ ಮಾಡಿಸಿದ್ದರು. ಸಾಬರು ನನ್ನ ಕಡೆ ನೋಡಿ, "ಅವರಿಗೆ ನಡಸಾಕ ಬರ್ತೈತೇನ್ರಿ?" ಎಂದು ಕೇಳಿದರು.

"ನನ್ನ ಕೇಳ್ರಿ," ಎಂದಳು ಗಂಗಕ್ಕ. "ಹೊಡಿಯಾಕಿ ನಾನು."

ಸಾಬರು ನಾಚಿಕೊಂಡರು. "ತಪ್ಪಾತ್ರಿ ಅಕ್ಕಾರ. ಅಪ್ಪನ ಗಾಡಿ, ಯಾರ ಕೈಗೆ ಹೋಗತೈತೋ ಅಂತ ಚಿಂತಿ ಇತ್ತು."

ಅವಳು ಊರುಗೋಲನ್ನು ಪಕ್ಕಕ್ಕೆ ಸಿಗಿಸಿ, ಹತ್ತಿ ಕುಳಿತು, ಬ್ರೇಕು ಒತ್ತಿ ನೋಡಿದಳು. ಓಣಿಯ ತುದಿಯವರೆಗೆ ಹೋಗಿ ತಿರುಗಿಸಿಕೊಂಡು ಬಂದಳು. ಸಾಬರು ಒಳಗೆ ಹೋಗಿ, ತಂದೆ ಸೀಟು ಒರೆಸುತ್ತಿದ್ದ ಬಟ್ಟೆಯನ್ನೂ ತಂದುಕೊಟ್ಟರು.

ಬರುವಾಗ ನಾನು ಹಿಂದೆ ಕುಳಿತೆ. ದಾರಿಯಲ್ಲಿ ಎಮ್ಮೆಗಳು ಅಡ್ಡ ಬಂದವು. ಗಾಡಿ ನಿಲ್ಲಿಸಿದಳು. ಅವು ದಾಟಿಹೋದ ಮೇಲೂ ಬ್ರೇಕು ಬಿಡಲಿಲ್ಲ.

"ಅಂಜಿಕಿ ಆತೇನಕ್ಕಾ? ನಾ ಹೊಡೀಲೇನು?"

"ಅಂಜಿಕಿ ಆಗೇತಿ. ಅದಕ್ಕ ಸಾವಕಾಶ ಹೊಂಟೇನಿ. ನೀ ಸುಮ್ಮನ ಕುಂದ್ರು."

ಶಿಗ್ಗಾಂವದ ಬಸ್ ಸ್ಟ್ಯಾಂಡಿನ ಮುಂದೆ ಹಾಯುವಾಗ, ಗುರುತಿನವರು ಯಾರಾದರೂ ನೋಡಲಿ ಎಂದು ನಾನೇ ಕತ್ತೆತ್ತಿ ಕುಳಿತೆ. ಮನೆ ಮುಂದೆ ಬಸಣ್ಣ ನಿಂತಿದ್ದ. ಹ್ಯಾಂಡಲ್ ಯಾರ ಕೈಯಲ್ಲಿದೆ ಎಂದು ನೋಡಿದ. ಅಂಗಳದಲ್ಲಿದ್ದ ಕಟ್ಟಿಗೆಯನ್ನೆಲ್ಲ ಸರಿಸಿ ಗಾಡಿಗೆ ಜಾಗ ಮಾಡಿಕೊಟ್ಟ.

ಹೋದ ವರ್ಷ ಅವಳಿಗೆ ಹಾನಗಲ್ಲಿನಲ್ಲಿ ಹೊಲಿಗೆ ಕಲಿಸುವ ಕೆಲಸ ಸಿಕ್ಕಿತು. ಈಗ ಅಲ್ಲೇ ಮನೆ ಮಾಡಿದ್ದಾಳೆ. ನಮ್ಮ ಓಣಿಯಲ್ಲಿ ಮಧ್ಯಾಹ್ನ ಮಿಷನ್ನಿನ ಸದ್ದಿಲ್ಲ. ಹೊರಟ ದಿನ ಬೆಳಗ್ಗೆ ಸಾಮಾನನ್ನೆಲ್ಲ ಗಾಡಿಯ ಹಿಂದೆ ಇಟ್ಟು ಬಸಣ್ಣನೇ ಹಗ್ಗ ಬಿಗಿದ. ಜೊತೆಗೆ ತಾನೂ ಬರುತ್ತೇನೆಂದ.

"ಬ್ಯಾಡಣ್ಣ. ಮುಟ್ಟಿದ ಮ್ಯಾಲ ಫೋನ್ ಮಾಡ್ತೇನಿ," ಎಂದು ಅವಳು ಹೊರಟುಬಿಟ್ಟಳು.

ಗಾಡಿ ತಿರುವು ದಾಟುವವರೆಗೆ ನಾನೂ ಬಸಣ್ಣನೂ ನೋಡುತ್ತ ನಿಂತೆವು. ಓಣಿಯ ಹಿಟ್ಟಿನ ಗಿರಣಿಗೆ ಬಂದಿದ್ದ ಪರ ಊರಿನ ಹಿರಿಯರೊಬ್ಬರು, "ಯಾರಪಾ ಅದು, ಗಾಡಿ ಮ್ಯಾಲ ಹೊಂಟಿದ್ದು?" ಎಂದು ಕೇಳಿದರು.

ಬಸಣ್ಣ ಟವೆಲ್ಲನ್ನು ಹೆಗಲ ಮೇಲೆ ಸರಿಯಾಗಿ ಹಾಕಿಕೊಂಡ.

"ನನ್ನ ತಂಗಿರಿ," ಎಂದ. "ಹಾನಗಲ್ಲಿಗೆ ಹೊಂಟಾಳ. ತಾನ ಹೊಡಕೊಂಡು."