ಪಿಚ್ಚಿನ ಮೇಲೆ ಕುಳಿತ ಪೊರ್ಬುಗಳು

ನಿನ್ನೆ ಬೆಳಿಗ್ಗೆ ಅಂಗಳದ ಮೆಟ್ಟಿಲಲ್ಲಿ ಜಾರಿ ಬಿದ್ದು ಮೊಣಕೈ ತರಚಿಕೊಂಡೆ. ಮನೆಯವರ ಮುಂದೆ ಅದನ್ನು ದೊಡ್ಡದು ಮಾಡುವುದು ಬೇಡವೆಂದು ನಾನೇ ಮೆಲ್ಲನೆ ನಡೆದುಕೊಂಡು ಹೋಗಿ ಔಷಧಿ ಅಂಗಡಿಯಲ್ಲಿ ಟಿಂಚರ್ ಅಯೋಡಿನ್ ಕೇಳಿದೆ. ಈಗ ಅದನ್ನು ಯಾರೂ ಕೇಳುವುದಿಲ್ಲವೆಂದು ಅಂಗಡಿಯ ಹುಡುಗಿ ಹೇಳಿದಳಾದರೂ ಒಳಗೆ ಹುಡುಕಿ ಒಂದು ಸಣ್ಣ ಬಾಟಲಿ ತಂದುಕೊಟ್ಟಳು. ಮನೆಗೆ ಬಂದು ಮುಚ್ಚಳ ತೆರೆದೆ. ನೀವು ನನ್ನ ಪ್ರಾಯದವರಾದರೆ ಆ ವಾಸನೆಗೆ ನಿಮಗೆ ಶಾಲೆಯೋ ಆಸ್ಪತ್ರೆಯೋ ನೆನಪಾದೀತು. ನನಗೆ ನೆನಪಾಗುವುದು ಕ್ರಿಕೆಟ್, ಅದರ ಜೊತೆಗೆ ಕಲ್ಯಾಣಪುರದ ಕಾಸ್ಮಿರ್ ಪೊರ್ಬುಗಳು.

ಪೊರ್ಬು ಎನ್ನುವುದು ಅವರ ಮನೆತನದ ಹೆಸರಲ್ಲ. ನಾವು ತುಳುವರು ಕ್ರಿಶ್ಚಿಯನ್ ಹಿರಿಯರನ್ನು ಹಾಗೆ ಗೌರವದಿಂದ ಕರೆಯುವುದು. ಉಡುಪಿಯ ಒಂದು ಓಣಿಯಲ್ಲಿ ಅವರಿಗೆ ಸ್ಟವ್, ಪೆಟ್ರೋಮ್ಯಾಕ್ಸ್ ಮತ್ತು ಕೊಡೆ ರಿಪೇರಿಯ ಅಂಗಡಿ ಇತ್ತು. ಮಳೆಗಾಲದಲ್ಲಿ ಕೊಡೆ, ಮದುವೆಯ ಕಾಲದಲ್ಲಿ ಪೆಟ್ರೋಮ್ಯಾಕ್ಸ್, ವರ್ಷವಿಡೀ ಸ್ಟವ್. ಐವತ್ತರ ಆಸುಪಾಸಿನ ಸಪೂರ ದೇಹ, ಮಾತು ಕಡಿಮೆ. ಆಡಿದ ಮಾತಾದರೂ ಪುಸ್ತಕದಿಂದ ಓದಿದ ಹಾಗೆ ಸ್ಪಷ್ಟ. ಮನೆಯಲ್ಲಿ ಕೊಂಕಣಿ, ಅಂಗಡಿಯಲ್ಲಿ ತುಳು, ಮೇಷ್ಟ್ರಾದ ನನ್ನೊಡನೆ ಮಾತ್ರ ಕನ್ನಡ. ಗಣಿತದ ಮೇಷ್ಟ್ರಿಗೆ ತುಳು ಸಾಕಿತ್ತು. ಆದರೂ ಅವರು ಆ ಮರ್ಯಾದೆ ಬಿಡಲಿಲ್ಲ.

ಇದು ಅರವತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಆಗ ಫಾಸ್ಟ್ ಬೌಲರ್. ಹಾಗೆಂದು ಹೇಳಿಕೊಳ್ಳುತ್ತಿದ್ದವನು ಮುಖ್ಯವಾಗಿ ನಾನೇ. ಮುರಕಲ್ಲೆಂಬ ಕೆಂಪುಕಲ್ಲಿನ ಗಟ್ಟಿ ಮೈದಾನದ ಮೇಲೆ ತೆಂಗಿನ ನಾರಿನ ಮ್ಯಾಟ್ ಹಾಸಿ ನಾಲ್ಕು ಮೂಲೆಗೆ ಮೊಳೆ ಹೊಡೆದರೆ ಪಿಚ್ಚು ತಯಾರು. ಅದರ ಮೇಲೆ ಬಿದ್ದ ಚೆಂಡು ಎತ್ತ ಏಳುತ್ತದೆಂದು ಎಸೆದವನಿಗೂ ಗೊತ್ತಿರುವುದಿಲ್ಲ. ಅದನ್ನೇ ಜನ ನನ್ನ ಕೈಚಳಕವೆಂದು ತಿಳಿದಿದ್ದರು. ನಾನೂ ತಿದ್ದಲು ಹೋಗಲಿಲ್ಲ.

ಭಾನುವಾರ ಪೂಜೆ ಮುಗಿಸಿ ಪೊರ್ಬುಗಳು ಕಲ್ಯಾಣಪುರದಿಂದ ಸೈಕಲ್ಲಿನಲ್ಲಿ ಮೈದಾನಕ್ಕೆ ಬರುತ್ತಿದ್ದರು. ಹೆಗಲಿಗೆ ಖಾಕಿ ಚೀಲ. ಚೀಲದ ಮೇಲೆ ಅವರ ಹೆಂಡತಿ ಸೆವ್ರಿನ್ ಬಾಯಮ್ಮ ಕೆಂಪು ನೂಲಿನಲ್ಲಿ ಹೊಲಿದ ಕ್ರಾಸು. ಒಳಗೆ ಟಿಂಚರ್, ಹತ್ತಿ, ಹಳೆಯ ಪಂಚೆಯನ್ನು ಕುದಿಸಿ ಹರಿದು ಸುತ್ತಿಟ್ಟ ಬ್ಯಾಂಡೇಜುಗಳು, ಬಿದಿರಿನ ನಾಲ್ಕು ಪಟ್ಟಿ, ಒಂದು ಟಾರ್ಚು. ಯಾರೂ ಕರೆದವರಲ್ಲ, ಯಾರೂ ನೇಮಿಸಿದವರಲ್ಲ. ಅವರಿಗೆ ಬ್ಯಾಟು ಹಿಡಿಯಲೂ ಬರುತ್ತಿರಲಿಲ್ಲ. ಗೆದ್ದವರು ಯಾರೆಂದು ಕೇಳಿದರೆ ಎಷ್ಟೋ ಸಲ ಅವರಿಗೆ ಗೊತ್ತಿರುತ್ತಿರಲಿಲ್ಲ. ಯಾರಿಗೆ ಎಲ್ಲಿ ಪೆಟ್ಟಾಯಿತು ಎಂಬುದು ಮಾತ್ರ ಚೆನ್ನಾಗಿ ಗೊತ್ತಿರುತ್ತಿತ್ತು. ಮರುದಿನ ಸಂಜೆ ಅಂಗಡಿ ಮುಚ್ಚಿ ಪೆಟ್ಟಾದವನ ಮನೆಗೇ ಹೋಗಿ ಬೆರಳು ಮಡಿಸಲು ಹೇಳುವುದು, ಊತ ನೋಡುವುದು, ಎದ್ದು ಬರುವುದು. ಚೆಂಡಿನ ಪೆಟ್ಟಿಗಿಂತ ಪೊರ್ಬುಗಳ ಟಿಂಚರಿನ ಉರಿ ಜಾಸ್ತಿ ಎಂದು ನಾವು ನಗುತ್ತಿದ್ದೆವು.

ನನ್ನ ಹೆಬ್ಬೆರಳು ಉಳುಕಿದಾಗ ಮೂರು ದಿನ ಸತತ ಬಂದರು. ಆ ಋಣಕ್ಕೆ ನಾನೊಮ್ಮೆ ಕಲ್ಯಾಣಪುರಕ್ಕೆ ಹೋದೆ. ಅವರ ಮನೆಯ ಪಡುವಣ ಬದಿಯ ಕೋಣೆಗೆ ಕಾಲಿಟ್ಟವನು ಬಾಗಿಲಲ್ಲೇ ನಿಂತೆ. ಕೋಣೆಯ ಮುಕ್ಕಾಲು ಭಾಗ ಒಂದು ಹಲಗೆಯ ಮೇಜು. ಅದರ ಮೇಲೆ ರೈಲು.

ನಮ್ಮ ಕಡೆ ಆಗ ರೈಲು ಇರಲಿಲ್ಲ. ನೋಡಬೇಕಾದರೆ ಮಂಗಳೂರಿಗೆ ಹೋಗಬೇಕು. ಪೊರ್ಬುಗಳ ಮೇಜಿನ ಮೇಲೆ ಕೊಡೆಯ ಕಡ್ಡಿಗಳೇ ಹಳಿ, ಹಲಸಿನ ಹಲಗೆಯ ಚೂರುಗಳೇ ಹಳಿಯ ಅಡಿಯ ಪಟ್ಟಿಗಳು, ಬಿಸ್ಕೆಟ್ ಡಬ್ಬಿಯ ತಗಡಿನಿಂದ ಮಾಡಿದ ಬೋಗಿಗಳು. ಎಂಜಿನ್ನಿನ ಬಾಯ್ಲರು ಹಳೆಯ ಸ್ಟವ್ವಿನ ಹಿತ್ತಾಳೆಯದ್ದು. ಅಡಿಯಲ್ಲಿ ಸ್ಪಿರಿಟ್ ದೀಪ ಹಚ್ಚಿ ಹತ್ತು ನಿಮಿಷ ಕಾದರೆ ಅದು ನಿಜವಾಗಿಯೇ ಹಬೆ ಬಿಟ್ಟುಕೊಂಡು ಓಡುತ್ತಿತ್ತು. ಸಣ್ಣ ಸಣ್ಣ ಸ್ಟೇಶನ್‌ಗಳು, ಹಳದಿ ಫಲಕಗಳ ಮೇಲೆ ಅವರದೇ ದುಂಡಗಿನ ಅಕ್ಷರ: ಕಾಪು, ಉಡುಪಿ, ಕಲ್ಯಾಣಪುರ. ಕಾಪುವಿನಲ್ಲಿ ಸೀಮೆಸುಣ್ಣದಿಂದ ಕೆತ್ತಿದ ದೀಪಸ್ತಂಭವೂ ಇತ್ತು. ಸ್ವರ್ಣಾ ನದಿಗೆ ಸೇತುವೆ ಮಾಡಿದ್ದರು, ನದಿಗೆ ನೀಲಿ ಬಣ್ಣ ಮಾತ್ರ ಇನ್ನೂ ಹಚ್ಚಿರಲಿಲ್ಲ. ಅಂಚೆ ಕೊಡಲು ಬಂದ ಅಲೆವೂರಿನವನೊಬ್ಬ, ತಮ್ಮ ಊರಿಗೆ ಏಕೆ ಸ್ಟೇಶನ್ ಇಲ್ಲವೆಂದು ಮುಖ ಸಣ್ಣದು ಮಾಡಿದ್ದನಂತೆ. ಪೊರ್ಬುಗಳು ಒಂದು ವಾರದಲ್ಲಿ ಅಲೆವೂರಿಗೂ ಒಂದು ನಿಲುಗಡೆ ಮಾಡಿಕೊಟ್ಟರು. ನಾನು ಮೇಷ್ಟ್ರಲ್ಲವೇ, ತಿರುವಿನ ಕೋನ ತಪ್ಪಿದೆ, ಗಾಡಿ ಅಲ್ಲಿ ಉರುಳುತ್ತದೆ ಎಂದು ಲೆಕ್ಕ ಮಾಡಿ ತೋರಿಸಿದೆ. ಅವರು ತಲೆಯಾಡಿಸಿ ದೀಪ ಹಚ್ಚಿದರು. ಗಾಡಿ ನನ್ನ ಲೆಕ್ಕವನ್ನು ದಾಟಿಕೊಂಡು ಆರಾಮವಾಗಿ ಹೋಯಿತು.

ಯೌವನದಲ್ಲಿ ಅವರು ಬೊಂಬಾಯಿಯ ಒಂದು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು, ಪ್ರಥಮ ಚಿಕಿತ್ಸೆಯ ಪಾಠ ಕಲಿತದ್ದೂ ಅಲ್ಲೇ ಎಂದು ಸೆವ್ರಿನ್ ಬಾಯಮ್ಮ ಚಹಾ ಕೊಡುತ್ತಾ ಹೇಳಿದರು. ಅಂಥ ಕೆಲಸ ಬಿಟ್ಟು ಯಾಕೆ ಬಂದಿರಿ ಎಂದು ನಾನು ಕೇಳಿದೆ. ಪೊರ್ಬುಗಳು ಚಕ್ರಕ್ಕೆ ಎಣ್ಣೆ ಬಿಡುತ್ತಲೇ ಇದ್ದರು. ಬಾಯಮ್ಮ ಬಿಸ್ಕೆಟಿನ ತಟ್ಟೆ ನನ್ನ ಕಡೆ ಸರಿಸಿದರು.

ಆ ವರ್ಷ ಕಾರ್ಕಳದಲ್ಲಿ ಒಂದು ಪಂದ್ಯಾಟದ ಫೈನಲ್. ನಮ್ಮ ಉಡುಪಿಯ ತಂಡಕ್ಕೂ ಕಾಪುವಿನ ತಂಡಕ್ಕೂ. ಪೊರ್ಬುಗಳೂ ನಮ್ಮೊಡನೆ ಬಂದಿದ್ದರು. ಸಂಜೆ ಐದಕ್ಕೆ ಕಪ್ಪು ಕೊಡಲು ದೊಡ್ಡವರೊಬ್ಬರು ಬರುವವರಿದ್ದರು. ಶಾಮಿಯಾನ, ಕುರ್ಚಿ, ಹೂವಿನ ಹಾರ ಎಲ್ಲ ತಯಾರು. ಕಾಪುವಿನವರಿಗೆ ಗೆಲ್ಲಲು ಮೂವತ್ತು ಓಟವೂ ಬೇಕಿರಲಿಲ್ಲ. ಬ್ಯಾಟು ಹಿಡಿದಿದ್ದವನು ಸದಾನಂದ. ಕಾಪು ಪೇಟೆಯಲ್ಲಿ ಜವಳಿ ಅಂಗಡಿಯವರ ಮಗ, ಒಳ್ಳೆಯ ಆಟಗಾರ, ನನ್ನನ್ನು ಆ ಮಧ್ಯಾಹ್ನ ಮನಸ್ಸು ಬಂದಂತೆ ಚಚ್ಚಿದ್ದ. ನನಗೆ ಸಿಟ್ಟು ಬಂದಿತ್ತು, ಅದನ್ನು ಈಗ ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಮೈಯ ಶಕ್ತಿಯನ್ನೆಲ್ಲ ಹಾಕಿ ಚೆಂಡನ್ನು ಗಿಡ್ಡಕ್ಕೆ ಕುಕ್ಕಿದೆ. ಮ್ಯಾಟಿನ ಅಂಚಿಗೆ ತಾಗಿತೋ ಏನೋ, ಚೆಂಡು ಎದ್ದು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ತೆಂಗಿನಕಾಯಿ ನೆಲಕ್ಕೆ ಬಿದ್ದಂಥ ಸದ್ದು. ಆಗ ತಲೆಗೆ ಹೆಲ್ಮೆಟ್ ಗಿಲ್ಮೆಟ್ ಇಲ್ಲ.

ಸದಾನಂದ ಬಿದ್ದ. ನಾವೆಲ್ಲ ಓಡಿದೆವು. ಅಷ್ಟರಲ್ಲಿ ಅವನೇ ಕಣ್ಣು ಬಿಟ್ಟು ಎದ್ದು ಕುಳಿತ, ಮತ್ತೊಂದು ನಿಮಿಷಕ್ಕೆ ನಿಂತ, ನಕ್ಕ. ಪೊರ್ಬುಗಳು ಚೀಲ ಹಿಡಿದು ಬಂದು ಅವನನ್ನು ಪುನಃ ಕೂರಿಸಿದರು. ಹೆಸರು ಕೇಳಿದರು, ವಾರ ಕೇಳಿದರು, ಟಾರ್ಚು ಬಿಟ್ಟು ಕಣ್ಣು ನೋಡಿದರು. ಎಲ್ಲ ಸರಿಯಾಗಿತ್ತು. ನಮಗೆ ಸಮಾಧಾನವಾಯಿತು. ಅವರೊಬ್ಬರಿಗೆ ಆಗಲಿಲ್ಲ. ಬಡಿದ ಜಾಗವನ್ನು ಬೆರಳ ತುದಿಯಲ್ಲಿ ಮುಟ್ಟಿ ನೋಡಿ, ಪ್ರಜ್ಞೆ ತಪ್ಪಿದ್ದು ಎಷ್ಟು ಹೊತ್ತು ಎಂದು ಅಂಪಾಯರನ್ನು ಕೇಳಿದರು. ಅರ್ಧ ನಿಮಿಷ ಇರಬಹುದೆಂದು ಆತ ಹೇಳಿದ.

"ಇವರು ಇನ್ನು ಆಡುವುದು ಬೇಡ," ಎಂದರು ಪೊರ್ಬುಗಳು. "ಮಣಿಪಾಲಕ್ಕೆ ಕರೆದುಕೊಂಡು ಹೋಗುವ. ಈಗಲೇ."

ಕಾಪುವಿನ ಕಪ್ತಾನ ಒಪ್ಪಲಿಲ್ಲ, ಸದಾನಂದ ಹೋದರೆ ಅವರ ಆಟವೇ ಹೋದ ಹಾಗೆ. ನಮ್ಮ ಕಪ್ತಾನನೂ ಒಪ್ಪಲಿಲ್ಲ, ಹೀಗೆ ಗೆದ್ದರೆ ಜನ ಉಗಿಯುತ್ತಾರೆ. ಪಂದ್ಯಾಟದವರಿಗೆ ಐದು ಗಂಟೆಯ ಚಿಂತೆ. ಒಬ್ಬೊಬ್ಬರೂ ಅವರಿಗೆ ಬುದ್ಧಿ ಹೇಳಿದರು. ನಾನೂ ಹೇಳಿದೆ.

"ಅವನಿಗೆ ಎಂತ ಆಗಲಿಲ್ಲ ಪೊರ್ಬುಗಳೇ. ನಿಂತಿದ್ದಾನೆ, ನಗ್ತಾ ಇದ್ದಾನೆ. ನೀವು ಸುಮ್ಮನೆ ಹೆದರಿಸಬೇಡಿ ಮಾರಾಯ್ರೆ."

ಇದು ಸದಾನಂದನ ಮೇಲಿನ ಭರವಸೆಯಿಂದ ಬಂದ ಮಾತಲ್ಲ. ಅವನು ಆಸ್ಪತ್ರೆಗೆ ಹೋದರೆ ಅವನನ್ನು ಅಲ್ಲಿಗೆ ಕಳಿಸಿದವನು ನಾನಾಗುತ್ತೇನೆ. ಅವನಿಗೆ ಏನೂ ಆಗದೆ ಇರುವುದು ನನಗೆ ಬೇಕಾಗಿತ್ತು.

ಪೊರ್ಬುಗಳು ನನ್ನನ್ನು ಒಮ್ಮೆ ನೋಡಿದರು. ಆಮೇಲೆ ವಿಕೆಟ್ಟಿನ ಮುಂದೆ ಮ್ಯಾಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟರು. ಮಡಿಲಲ್ಲಿ ಚೀಲ. ಜನ ಕೂಗಿದರು, ಶಿಳ್ಳೆ ಹೊಡೆದರು. ಯಾರೋ ಒಬ್ಬ ಕಿತ್ತಳೆಯ ಸಿಪ್ಪೆ ಎಸೆದ, ಅದು ಅವರ ಹೆಗಲಿಗೆ ತಾಗಿ ಬಿತ್ತು. ಅಂಪಾಯರು ಪ್ಯಾಂಟಿನ ಕಿಸೆಯಿಂದ ಕೈ ತೆಗೆಯುವುದು, ಹಾಕುವುದು. ಕ್ರಿಕೆಟ್ಟಿನ ಯಾವ ನಿಯಮದಲ್ಲೂ ಇದಕ್ಕೆ ಪರಿಹಾರ ಇರಲಿಲ್ಲ. ಎತ್ತಿ ಪಕ್ಕಕ್ಕಿಡಲು ಅಷ್ಟು ಜನ ಗಂಡಸರಿದ್ದೆವು, ಕೈ ಹಾಕಲು ಯಾರಿಗೂ ಧೈರ್ಯ ಬರಲಿಲ್ಲ.

ಕೊನೆಗೆ ಸೋತವನು ಸದಾನಂದನೇ. ಈ ಹಿರಿಯರಿಗೆ ಕಲ್ಲು ಬೀಳುವುದು ಬೇಡ, ಒಮ್ಮೆ ಹೋಗಿ ತೋರಿಸಿ ಬರುತ್ತೇನೆ, ಅಷ್ಟರವರೆಗೆ ಉಳಿದವರು ಆಡಲಿ ಎಂದ. ಅಕ್ಕಿ ಮಿಲ್ಲಿನವರೊಬ್ಬರು ಕಾರು ಕೊಟ್ಟರು. ಹತ್ತುವಾಗ ಪೊರ್ಬುಗಳು ತಿರುಗಿ, "ಮೇಷ್ಟ್ರೇ, ನೀವೂ ಬನ್ನಿ," ಎಂದರು. ಹೋಗದೆ ಉಪಾಯವಿರಲಿಲ್ಲ.

ಹೊರಟಾಗ ಸದಾನಂದ ಒಳ್ಳೆಯ ಉಮೇದಿನಲ್ಲಿದ್ದ. ನನ್ನ ಬೌಲಿಂಗನ್ನು ಹಾಸ್ಯ ಮಾಡಿದ. ಅರ್ಧ ದಾರಿಯಲ್ಲಿ ತಲೆ ನೋಯುತ್ತದೆ ಎಂದ. ಹಿರಿಯಡ್ಕ ದಾಟುವಾಗ ಮಾತು ನಿಂತಿತು, ಆಕಳಿಸತೊಡಗಿದ. ಪೊರ್ಬುಗಳು ಅವನನ್ನು ನಿದ್ದೆ ಮಾಡಲು ಬಿಡದೆ ಅಂಗಡಿಯ ವಿಷಯ, ತಾಯಿಯ ವಿಷಯ ಕೇಳುತ್ತಾ ಹೋದರು. ಉತ್ತರಗಳು ಗಿಡ್ಡವಾದವು, ಆಮೇಲೆ ಅಸಂಬದ್ಧವಾದವು. ಪರ್ಕಳದ ಹತ್ತಿರ ವಾಂತಿ ಮಾಡಿ ಅವರ ತೊಡೆಯ ಮೇಲೆ ಬಿದ್ದುಬಿಟ್ಟ. ಪೊರ್ಬುಗಳು ಅವನನ್ನು ಮಗ್ಗುಲಿಗೆ ತಿರುಗಿಸಿ, ಬಾಯಿ ಒರೆಸಿ, ರೆಪ್ಪೆ ಎತ್ತಿ ಟಾರ್ಚು ಬಿಟ್ಟರು. ನಾನೂ ನೋಡಿದೆ. ಒಂದು ಕಣ್ಣಿನ ಪಾಪೆ ಸಣ್ಣದು, ಇನ್ನೊಂದು ಅಗಲಕ್ಕೆ ತೆರೆದುಕೊಂಡಿತ್ತು. ಅದು ಬೆಳಕಿಗೆ ಅಲುಗಲಿಲ್ಲ.

ಮಣಿಪಾಲದ ಆಸ್ಪತ್ರೆಯಲ್ಲಿ ಅವನನ್ನು ತಡಮಾಡದೆ ಒಳಗೆ ಒಯ್ದರು. ನಾವಿಬ್ಬರೂ ಹೊರಗಿನ ಬೆಂಚಿನಲ್ಲಿ ಕುಳಿತೆವು. ನನ್ನ ಬಿಳಿ ಪ್ಯಾಂಟಿನ ಮೇಲೆ ಚೆಂಡು ಉಜ್ಜಿದ ಕೆಂಪು ಕಲೆ ಇತ್ತು. ಅದನ್ನು ಅಂಗೈಯಿಂದ ಮುಚ್ಚಿಕೊಂಡಿದ್ದೆ. ಆಗ ಪೊರ್ಬುಗಳು, ನಾನು ಕೇಳದೆಯೇ, ಹೇಳಿದರು.

"ಬೊಂಬಾಯಿಯಲ್ಲಿ ನನ್ನ ರೂಮಿನಲ್ಲಿ ನಾರಾಯಣ ಅಂತ ಒಬ್ಬ ಇದ್ದ. ವರ್ಕ್‌ಶಾಪಿನಲ್ಲಿ ಕಬ್ಬಿಣದ ಸರಳು ಜಾರಿ ಅವನ ತಲೆಗೆ ತಾಗಿತು. ನಾನು ಆಗಷ್ಟೇ ಪರೀಕ್ಷೆ ಪಾಸು ಮಾಡಿದವ, ನನ್ನನ್ನೇ ಕರೆದರು. ಅವನೂ ಎದ್ದು ನಿಂತ, ಅವನೂ ನಕ್ಕ. ಎಂತ ಇಲ್ಲ, ಹೋಗಿ ಮಲಗು ಅಂತ ನಾನೇ ಹೇಳಿದೆ. ಸಂಜೆ ಕೆಲಸ ಮುಗಿಸಿ ರೂಮಿಗೆ ಬಂದು ಎಬ್ಬಿಸಲು ನೋಡಿದೆ, ಏಳಲಿಲ್ಲ."

ಚೀಲದ ಪಟ್ಟಿ ಸರಿಮಾಡಿಕೊಂಡು, "ಸೆವ್ರಿನ್‌ಗೆ ಗೊತ್ತುಂಟು. ಇನ್ನು ನಿಮಗೆ," ಎಂದರು.

ಆಮೇಲೆ ವರ್ಕ್‌ಶಾಪಿನ ಒಳಗೆ ಕಾಲಿಡಲು ಅವರಿಂದ ಆಗಲಿಲ್ಲವಂತೆ. ಎಂಜಿನ್ನುಗಳ ಮೇಲಿನ ಆಸೆ ಮಾತ್ರ ಹೋಗಲಿಲ್ಲ, ಅದಕ್ಕೇ ಮನೆಯಲ್ಲಿ ಮೇಜಿನಷ್ಟು ಮಾಡಿಕೊಂಡೆ ಎಂದರು.

ಡಾಕ್ಟರು ಹೊರಗೆ ಬಂದಾಗ ರಾತ್ರಿಯಾಗಿತ್ತು. ತಲೆಬುರುಡೆಯ ಒಳಗೆ ರಕ್ತ ಹೆಪ್ಪುಗಟ್ಟಿತ್ತು, ತೂತು ಕೊರೆದು ತೆಗೆದಿದ್ದೇವೆ, ಬದುಕಬಹುದು ಎಂದರು. ಇನ್ನೊಂದು ಗಂಟೆ ತಡವಾಗಿದ್ದರೆ ಎಂದು ಶುರುಮಾಡಿ, ನಮ್ಮ ಮುಖ ನೋಡಿ ಮಾತು ನಿಲ್ಲಿಸಿದರು. ಪೊರ್ಬುಗಳು ಎದ್ದು ನಿಂತು ಥ್ಯಾಂಕ್ಸ್ ಎಂದರು. ಪುನಃ ಕುಳಿತವರು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡು ಬಹಳ ಹೊತ್ತು ಹಾಗೆಯೇ ಇದ್ದರು. ನಾನು ಅವರ ಚೀಲವನ್ನು ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಮಾಡಲು ನನಗೆ ತೋಚಿದ್ದು ಅಷ್ಟೇ.

ಕಾರ್ಕಳದಲ್ಲಿ ಆಟ ಮುಗಿಯಲೇ ಇಲ್ಲವಂತೆ. ಕಪ್ಪನ್ನು ಯಾರಿಗೆ ಕೊಟ್ಟರೆಂದು ನನಗೂ ಮರೆತಿದೆ. ಮುಂದಿನ ಭಾನುವಾರ ಪೊರ್ಬುಗಳು ಸೈಕಲ್ಲು ಒರಗಿಸುವಾಗ ಮೈದಾನದಲ್ಲಿದ್ದವರೆಲ್ಲ ಎದ್ದು ನಿಂತರು. ಕ್ಷಮೆ ಮಾತ್ರ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬದಲಿಗೆ ಸಂಜೆಯ ಹೊತ್ತು ಅವರ ಮನೆಗೆ ಹೋಗಿ ಬ್ಯಾಂಡೇಜು ಕಟ್ಟಲು ಕಲಿತೆ. ಮುರಿದ ಕೈಯ ಪಾತ್ರ ಸೆವ್ರಿನ್ ಬಾಯಮ್ಮನದು. ನನ್ನ ಮೊದಲ ಬ್ಯಾಂಡೇಜು ಕಟ್ಟಿಸಿಕೊಂಡ ಬಾಯಮ್ಮ, ಮೇಷ್ಟ್ರೇ, ಕೈ ನಿಜವಾಗಿ ಮುರಿಯುವುದು ಈಗ ಎಂದಿದ್ದರು. ಅವರ ಬಲಗೈ ಬ್ಯಾಂಡೇಜಿನ ಕಟ್ಟಿನಲ್ಲಿದ್ದುದರಿಂದ ಆ ಸಂಜೆ ಚಹಾ ಮಾಡಿದವರು ಪೊರ್ಬುಗಳು.

ಸದಾನಂದ ಮತ್ತೆ ಬ್ಯಾಟು ಹಿಡಿಯಲಿಲ್ಲ. ಎಡಗೈ ಸ್ವಲ್ಪ ದುರ್ಬಲವಾಗಿಯೇ ಉಳಿಯಿತು. ಜವಳಿ ಅಂಗಡಿ ನೋಡಿಕೊಂಡ, ಮದುವೆಯಾದ, ಮೂರು ಮಕ್ಕಳಾದರು. ಪ್ರತಿ ಕ್ರಿಸ್ಮಸ್ಸಿಗೆ ಕಾಪುವಿನಿಂದ ಬಸ್ಸಿನಲ್ಲಿ ಒಂದು ದೊಡ್ಡ ಅಂಜಲ್ ಮೀನು ಹಿಡಿದುಕೊಂಡು ಕಲ್ಯಾಣಪುರಕ್ಕೆ ಬರುತ್ತಿದ್ದ. ನನ್ನ ಮೇಲೆ ಅವನಿಗೆ ಸಿಟ್ಟಿರಲಿಲ್ಲ, ಅದೇ ನನಗೆ ಕಷ್ಟವಾಗುತ್ತಿತ್ತು. ಅಂದು ಅವನನ್ನು ಆಡಲು ಬಿಡಿ ಎಂದವರಲ್ಲಿ ನಾನೂ ಒಬ್ಬ ಎಂದು ಒಂದು ವರ್ಷ ಅವನಿಗೆ ಹೇಳಿಯೇಬಿಟ್ಟೆ. "ನಾನೂ ಅದನ್ನೇ ಹೇಳಿದ್ದಲ್ವಾ," ಎಂದ ಅವನು, ಮೀನಿನ ಚೀಲ ಇನ್ನೊಂದು ಕೈಗೆ ಬದಲಿಸುತ್ತಾ.

ಅರವತ್ತರ ದಶಕ ಮುಗಿಯುವ ಮೊದಲೇ ಪೊರ್ಬುಗಳು ಹೃದಯ ನಿಂತು ತೀರಿಕೊಂಡರು. ಭಾನುವಾರದ ಚೀಲ ನನ್ನ ಹೆಗಲಿಗೆ ಬಂತು, ಮೊಣಕಾಲಿಗೆ ಸೈಕಲ್ಲು ತುಳಿಯಲು ಆಗುವಷ್ಟು ಕಾಲ ಅಲ್ಲೇ ಇತ್ತು. ಬಾಯಮ್ಮ ಮಗಳ ಮನೆಗೆ ಹೋದರು. ಮೇಜಿನ ರೈಲು ಕಡಲ ಗಾಳಿಗೆ ತುಕ್ಕು ಹಿಡಿದು ಚೂರಾಯಿತು.

ಇಷ್ಟು ಬರೆಯುವಾಗ ನಿಮಗೆ ಒಂದು ವಿಷಯ ಹೇಳದೆ ಮುಂದೆ ಹೋದೆನೆಂದು ನನಗೆ ತಿಳಿಯಿತು. ನಿನ್ನೆ ಮೆಟ್ಟಿಲಲ್ಲಿ ತಾಗಿದ್ದು ಮೊಣಕೈ ಮಾತ್ರವಲ್ಲ. ತಲೆಯ ಹಿಂಭಾಗವೂ ಮುರಕಲ್ಲಿಗೆ ಬಡಿದಿತ್ತು. ಸೊಸೆ ಓಡಿ ಬಂದು ಕೇಳಿದಾಗ ಎಂತ ಆಗಲಿಲ್ಲ ಎಂದಿದ್ದೆ. ಅದೂ ಇಷ್ಟು ವರ್ಷ ಚೀಲ ಹೊತ್ತವನು. ರಾತ್ರಿಯಿಂದ ತಲೆ ಭಾರ. ಪೆನ್ನು ಕೆಳಗಿಟ್ಟು ಅವಳನ್ನು ಕರೆದು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಬೈಯಲಿಲ್ಲ, ಕಾರಿನ ಕೀಲಿ ಹುಡುಕಲು ಹೋದಳು.

ಈ ಕೊನೆಯ ನಾಲ್ಕು ಸಾಲು ಬರೆಯುತ್ತಿರುವುದು ಮೂರು ದಿನಗಳ ಮೇಲೆ. ಮಣಿಪಾಲದಲ್ಲಿ ತಲೆಯನ್ನು ಯಂತ್ರದೊಳಗಿಟ್ಟು ನೋಡಿದರು, ಒಂದು ದಿನ ಮಲಗಿಸಿಕೊಂಡರು, ಗಳಿಗೆಗೊಮ್ಮೆ ಬಂದು ಕಣ್ಣಿಗೆ ಬೆಳಕು ಬಿಟ್ಟರು. ಎಂತ ಇಲ್ಲ, ಮನೆಗೆ ಹೋಗಬಹುದು ಎಂದರು. ಈ ಸಲ ಹಾಗೆ ಹೇಳಿದವರು ಡಾಕ್ಟರು, ನಾನಲ್ಲ.