ಪೂಜೆಗೆ ಕೂತ ಕಾಲು

…ಇಲ್ಲ, ಟ್ರ್ಯಾಕ್ಟರಿನ ವೈಪರ್ ಮೋಟಾರು ಅಂತ ಇಷ್ಟು ವರ್ಷ ಹೇಳಿಕೊಂಡು ಬಂದದ್ದು ತಪ್ಪೇ ಇರಬೇಕು. ಆಗ ನಮ್ಮ ಕಡೆಯ ಟ್ರ್ಯಾಕ್ಟರುಗಳಿಗೆ ಮುಂದಿನ ಗಾಜೇ ಇರಲಿಲ್ಲ, ವೈಪರ್ ಎಲ್ಲಿಂದ ಬರಬೇಕು? ಮುರಗೋಡದ ಹತ್ತಿರ ಗುಜರಿಗೆ ಬಿದ್ದಿದ್ದ ಲಾರಿಯದು ಎಂದು ಅವ್ವ ಹೇಳುತ್ತಾಳೆ. ಮಾಮಾ ಪ್ರತಿ ಸಲ ಬೇರೆ ಗಾಡಿಯ ಹೆಸರು ಹೇಳುತ್ತಿದ್ದ. ಲಾರಿಯದೆಂದೇ ಇಟ್ಟುಕೊಳ್ಳೋಣ. ಬೈಲಹೊಂಗಲದ ನಮ್ಮ ಮನೆಯಲ್ಲಿ ಆ ಮೋಟಾರು ನನ್ನ ತಂಗಿಯ ಮೊಣಕಾಲಿನ ಪಕ್ಕ ಕೂತಿತ್ತು ಎನ್ನುವುದಾದರೂ ಖಾತ್ರಿ.

ತಂಗಿ ಹುಟ್ಟಿದಾಗ ತಡವಾಗಿ ಅತ್ತಳಂತೆ. ಹುಬ್ಬಳ್ಳಿಯ ಡಾಕ್ಟರು ಅದಕ್ಕೆ ಸೆರೆಬ್ರಲ್ ಪಾಲ್ಸಿ ಎಂದು ಹೆಸರು ಕೊಟ್ಟು, ಮಿದುಳು ಕಳಿಸುವ ಅಪ್ಪಣೆ ಕಾಲಿಗೆ ಸರಿಯಾಗಿ ಮುಟ್ಟುವುದಿಲ್ಲ ಎಂದು ತಿಳಿಸಿ ಹೇಳಿದ್ದರು. ಮೊಣಕಾಲು ಮಡಚಿಕೊಂಡು, ತುದಿಗಾಲಲ್ಲಿ, ಯಾರದಾದರೂ ರಟ್ಟೆ ಹಿಡಿದು ನಡೆಯುತ್ತಿದ್ದಳು. ಬಲಗಾಲು ಹೆಚ್ಚು ಹಟಮಾರಿ. ಬಾಯಿಗೆ ಮಾತ್ರ ಯಾರ ರಟ್ಟೆಯೂ ಬೇಕಿರಲಿಲ್ಲ.

ಮಾಮಾ ಅವ್ವನ ತಮ್ಮ. ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ವೈಂಡಿಂಗ್ ಮಾಡುತ್ತಿದ್ದ. ಎರಡು ಸಾವಿರದ ಇಸವಿ ದಾಟಿದ ಮೇಲೆ ಯಾವಾಗಲೋ ಪೇಪರಿನಲ್ಲಿ ಒಂದು ಫೋಟೋ ನೋಡಿದ. ಜಪಾನಿನವನೊಬ್ಬ ತನ್ನ ಕಾಲಿನ ಹೊರಗೆ ಇನ್ನೊಂದು ಯಂತ್ರದ ಕಾಲು ತೊಟ್ಟು ಮೆಟ್ಟಿಲು ಹತ್ತುತ್ತಿದ್ದ. ಫೋಟೋದ ಕೆಳಗಿನದನ್ನು ಮಾಮಾ ಓದಲಿಲ್ಲ. "ಇಷ್ಟ ಹೌದಿಲ್ಲೋ?" ಅಂದ. ತಂಗಿಯ ಬಲಗಾಲಿಗೆ ಕಟ್ಟುವ ಕ್ಯಾಲಿಪರ್ ಇತ್ತು; ಎರಡು ಕಬ್ಬಿಣದ ಪಟ್ಟಿ, ಕೆಳಗೊಂದು ಬೂಟು. ಅದಕ್ಕೆ ಮೋಟಾರು ಕೂಡಿಸಿ, ಸೈಕಲ್ಲಿನ ಬ್ರೇಕ್ ವಾಯರು ಎಳೆದು, ಅವಳ ಬಡಿಗೆಯ ಹಿಡಿಕೆಗೆ ಕರೆಗಂಟೆಯ ಗುಂಡಿ ಕಟ್ಟಿದ. ಗುಂಡಿ ಒತ್ತಿದರೆ ಮೊಣಕಾಲು ನೆಟ್ಟಗಾಗುತ್ತಿತ್ತು. ಬಿಟ್ಟರೆ, ಅದಕ್ಕೆ ಮನಸ್ಸು ಬಂದಾಗ ಸಡಿಲಾಗುತ್ತಿತ್ತು. ಸ್ಕೂಟರಿನ ಬ್ಯಾಟರಿಯನ್ನು ಸಂತೆಯ ಚೀಲದಲ್ಲಿ ಹಾಕಿಕೊಂಡು ಹಿಂದೆ ಹಿಂದೆ ನಡೆಯುವ ಕೆಲಸ ನನ್ನದು. "ಅಣ್ಣಾ, ನಿನ್ನ ಎಂ.ಎ. ಕಡೀಕೂ ಉಪಯೋಗಕ್ಕ ಬಂತ ನೋಡು" ಎನ್ನುತ್ತಿದ್ದಳು.

ದಸರೆಯ ದಿನ ನಮ್ಮಲ್ಲಿ ಸಣ್ಣವರು ದೊಡ್ಡವರ ಮನೆಗೆ ಹೋಗಿ, ಬನ್ನಿ ಎಲೆ ಕೊಟ್ಟು ಕಾಲು ಮುಟ್ಟಬೇಕು. ತಂಗಿಯ ಪಾಲಿಗೆ ಇದು ತಿರುವುಮುರುವು. ಓಣಿಯ ಆ ತುದಿಯ ದೊಡ್ಡವ್ವ ತಾನೇ ಬನ್ನಿ ಹಿಡಿದು ಬರುತ್ತಿದ್ದಳು. "ಮಹಾರಾಣಿಯವರ ದರ್ಬಾರಕ್ಕ ಬಂದೇನ್ರಿ, ಕಾಣಿಕಿ ತಗೋರಿ." ಎಲ್ಲರೂ ನಗುತ್ತಿದ್ದರು, ತಂಗಿಯೂ. ಆ ವರ್ಷ ಮಾತ್ರ ಹೇಳಿಬಿಟ್ಟಳು: "ಈ ಸಲ ದೊಡ್ಡವ್ವ ಮನಿ ಬಿಡೂದರಾಗ ನಾನ ಹೋಗಾಕಿ. ಯಾರೂ ರಟ್ಟಿ ಹಿಡಿಯಂಗಿಲ್ಲ."

ಎಡವಟ್ಟಾದದ್ದು ಹಿಂದಿನ ದಿನ, ಆಯುಧಗಳ ಖಂಡೇಪೂಜೆಯಲ್ಲಿ. ಮಾಮಾ ಅಂಗಡಿಯ ನಟ್ಟು ಬಿಗಿಯುವ ಪಾನಾ, ಪಕ್ಕಡ, ಟೆಸ್ಟರು ಎಲ್ಲ ತೊಳೆದು ನಮ್ಮ ಪಡಸಾಲೆಯಲ್ಲಿ ಪೂಜೆಗೆ ಇಟ್ಟ. ತಾನು ಮಾಡಿದ್ದೆಂಬ ಹೆಮ್ಮೆಗೆ ಆ ಕಾಲನ್ನೂ ನಡುವೆ ನಿಲ್ಲಿಸಿದ. ವಿಭೂತಿ, ಚೆಂಡುಹೂವಿನ ಮಾಲೆ. ಬೂಟಿಗೂ ಕುಂಕುಮ ಬಿತ್ತು. ಪೂಜೆಗೆ ಕೂತ ಆಯುಧವನ್ನು ಮರುದಿನ ಬನ್ನಿ ಕೊಟ್ಟು ಮುಗಿಯುವವರೆಗೆ ಮುಟ್ಟುವಂತಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು. ಯಾರಿಗೂ ನೆನಪಾಗಲಿಲ್ಲ.

ದಸರೆಯ ಸಂಜೆ ತಂಗಿ ಹೊಸ ಚೂಡಿದಾರ ಹಾಕಿಕೊಂಡು ಕೂತು, "ಮಾಮಾ, ನನ್ನ ಕಾಲ ಕೊಡು" ಅಂದಳು.

ಅವ್ವ ಅಡ್ಡ ನಿಂತಳು. "ಪೂಜಿ ಇನ್ನೂ ಕದಲಿಸಿಲ್ಲ. ಅದೀಗ ದೇವರಾಗೇತಿ."

"ದೇವರಾದ ಮ್ಯಾಲ ನನ್ನ ನಡಸಂಗಿಲ್ಲೇನು?"

"ಅಕ್ಕಾ, ಅದು ಆಯುಧ ಅಲ್ಲ, ಕಾಲು," ಎಂದ ಮಾಮಾ. "ಕಾಲಿಗೆಲ್ಲಿ ಸೂಟಿ?"

"ಆಯುಧ ಅಲ್ಲಂದ್ರ ಪಾನಾದ ಬಾಜೂಕ ಯಾಕ ಇಟ್ಟಿ?"

ನನ್ನ ನೆನಪು ಇಲ್ಲಿ ತಂಗಿಯ ಕಣ್ಣಲ್ಲಿ ನೀರು ತರಿಸಲು ನೋಡುತ್ತದೆ. ನಾನು ಬಿಡುವುದಿಲ್ಲ, ಅವಳು ಅಳಲಿಲ್ಲ. ಬಾಗಿಲ ಕಡೆ ನೋಡುತ್ತ, "ದೊಡ್ಡವ್ವ ಇಷ್ಟೊತ್ತಿಗೆ ಹೊಂಟಿರತಾಳ" ಅಂದಳು, ಅಷ್ಟೇ.

ಅವ್ವ ದೀಪ ಹಚ್ಚಿ ಕೈ ಮುಗಿದಳು. "ಕಾಲ ಒಂದ ಕದಲಸ್ತೇನಿ. ಉಳಿದದ್ದಕ್ಕ ಕೈ ಹಚ್ಚಿದಿ ಅಂದ್ರ ನೋಡು," ಎಂದು ತಮ್ಮನಿಗೆ ಬೆರಳು ತೋರಿಸಿದಳು.

ಕಟ್ಟುವಾಗ ನೋಡಿದರೆ ಬ್ರೇಕ್ ವಾಯರು ಹಿಡಿದಿದ್ದ ನಟ್ಟು ಸಡಿಲಾಗಿತ್ತು. ಪಾನಾ ಎದುರಿಗೇ, ಚೆಂಡುಹೂವಿನ ಕೆಳಗೆ. ಮಾಮಾ ಪಾನಾದ ಕಡೆ ನೋಡಿದ, ಅಕ್ಕನ ಕಡೆ ನೋಡಿದ, ಬೆರಳಿನಿಂದಲೇ ಬಿಗಿದ. "ನಡೀತೇತಿ" ಅಂದ. ಅವನು ಹೀಗಂದರೆ ರೈತರು ಮೋಟಾರು ಒಯ್ಯಲು ಹೆದರುತ್ತಿದ್ದರು.

ಓಣಿಯಲ್ಲಿ ಮುಂದೆ ತಂಗಿ, ಆಮೇಲೆ ಬ್ಯಾಟರಿಯ ವಾಯರು, ಆಮೇಲೆ ಚೀಲ ಹಿಡಿದ ನಾನು, ಕೊನೆಗೆ ಬರಿಗೈಯ ಮಾಮಾ. ಕುಂಕುಮದ ಬೂಟಿಗೆ ಮುದುಕರೊಬ್ಬರು ಕೈ ಮುಗಿದರು; ಇದನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. "ಏನ್ರೀ ಮಾಸ್ತರ, ತಂಗೀಗೆ ಕರೆಂಟ್ ಕೊಡಾಕ ಹತ್ತೀರೇನು?" ಎಂದು ಯಾರೋ ನನ್ನನ್ನು ಕೇಳಿದ್ದು ಮಾತ್ರ ನಿಜ. ಒಂದು ಕಡೆ ತಂಗಿ ಬಡಿಗೆ ಊರಿ ನಿಂತಳು. ಮಾಮಾ ಮುಂದೆ ಬಂದ. "ಮುಟ್ಟಬ್ಯಾಡ ಮಾಮಾ." ಉಸಿರು ತಗೊಂಡು ಮತ್ತೆ ನಡೆದಳು.

ದೊಡ್ಡವ್ವ ಸೆರಗಿನಲ್ಲಿ ಬನ್ನಿ ಕಟ್ಟಿಕೊಂಡು ಬಾಗಿಲ ಮುಂದೆ ಚಪ್ಪಲಿ ಮೆಟ್ಟುತ್ತಿದ್ದಳು. "ಯವ್ವಾ! ಯಾರಿದು, ಗಿರಣಿ ಹೊತಗೊಂಡ ಬಂದಾರು?"

"ಬನ್ನಿ ತಗೊಂಡು ಬಂಗಾರದಂಗ ಇರೂಣ, ದೊಡ್ಡವ್ವಾ. ಚಪ್ಪಲ ಬಿಡು, ದರ್ಬಾರ ಬಂದ್ ಆಗೇತಿ."

ಎಲೆ ಕೊಟ್ಟಳು. ಕಾಲು ಮುಟ್ಟಬೇಕಲ್ಲ! ಯಂತ್ರದ ಕಾಲಿಗೆ ನೆಟ್ಟಗಾಗುವುದನ್ನು ಕಲಿಸಿದ್ದ ಮಾಮಾ ಬಾಗುವುದನ್ನು ಕಲಿಸಿರಲಿಲ್ಲ. ಬಗ್ಗಲು ಹೋದರೆ ಬಡಿಗೆ ಜಾರಿತು. ನಾವಿಬ್ಬರೂ ಕೈ ಚಾಚಿದೆವು. "ಹಿಡೀಬ್ಯಾಡ್ರಿ!"

ದೊಡ್ಡವ್ವ ಒಂದು ಗಳಿಗೆ ನೋಡಿದಳು. ಚಪ್ಪಲಿ ಬಿಟ್ಟು, ಮಂಡಿ ಹಿಡಿದು, ನರಳುತ್ತ ಕಟ್ಟೆ ಹತ್ತಿ ಅಂಚಿಗೆ ಬಂದು ನಿಂತಳು. "ತಗೋ, ಎರಡೂ ಇಲ್ಲೇ ಅದಾವ. ಲಗೂನ ಮುಟ್ಟು, ನಾ ಬಿದ್ದರ ಹಿಡಿಯಾವ್ರು ಯಾರೂ ಇಲ್ಲ."

ತಂಗಿ ನಿಂತಲ್ಲಿಂದಲೇ ಕೈ ಚಾಚಿ ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಅಲ್ಲೇ ಕಟ್ಟೆಯ ಮೇಲೆ ಕೂತು ಪಟ್ಟಿ ಬಿಚ್ಚುವಾಗಲೇ ಕಂಡದ್ದು: ಬ್ರೇಕ್ ವಾಯರು ಕಳಚಿ ಜೋತಾಡುತ್ತಿತ್ತು, ನಟ್ಟು ಇರಲಿಲ್ಲ. ಮಾಮಾ ಓಣಿಯುದ್ದ ಬಗ್ಗಿ ಹುಡುಕಿದ, ಸಿಗಲಿಲ್ಲ. ಕಟ್ಟೆಯ ಹತ್ತಿರವೇ ಬಿದ್ದಿರಬೇಕು, ಅಲ್ಲಿಯವರೆಗೆ ಯಂತ್ರವೇ ನಡೆಸಿತು ಎಂದು ಅವನ ವಾದ. ಮಾಮಾನ ಮೇಲೆ ಪ್ರೀತಿ ಉಕ್ಕಿದ ದಿನ ತಂಗಿ ಹೂಂ ಎನ್ನುತ್ತಾಳೆ. ಸಿಟ್ಟು ಬಂದ ದಿನ, ನಮ್ಮ ಹೊಸ್ತಿಲಲ್ಲೇ ಬಿದ್ದಿತ್ತು, ನಡೆದದ್ದೆಲ್ಲ ನಾನೇ ಎನ್ನುತ್ತಾಳೆ. ಹಿಂದಿದ್ದ ನನಗೆ ಮೋಟಾರಿನ ಸದ್ದು ಕೊನೆಯವರೆಗೂ ಕೇಳಿಸಿತ್ತು. ಆದರೆ ಕಾಲು ಎಳೆಯುವ ಆ ವಾಯರು ಕಳಚಿದರೂ ಮೋಟಾರು ತಿರುಗುತ್ತಲೇ ಇರುತ್ತದೆ. ಆ ಓಣಿಯಲ್ಲಿ ಯಂತ್ರ ಎಷ್ಟು ದೂರ ನಡೆಸಿತು, ತಂಗಿ ಎಷ್ಟು ದೂರ ನಡೆದಳು, ನನಗೆ ಗೊತ್ತಿಲ್ಲ.