ಹೆಲ್ಗಾ ಬಾಯಿಯ ವಾರ

ಹೋದ ತಿಂಗಳು ಅಲೆನ್‌ನಲ್ಲಿ ಹಿರಿಯ ಮಗನ ಮನೆಯಲ್ಲಿದ್ದಾಗ ಮೊಮ್ಮಗಳು ಅನ್ವಿ ತನ್ನ ಫೋನು ತಂದು ನನ್ನ ಮೂಗಿನ ಕೆಳಗೆ ಹಿಡಿದಳು. ಆಕಾಶದಿಂದ ಕಂಡಂಥ ಒಂದು ಊರು. ಕುಡುಗೋಲಿನ ಹಾಗೆ ಬಾಗಿದ ಹೊಳೆ, ಬಾಗಿನೊಳಗೆ ಒತ್ತಿಕೊಂಡು ಕೂತ ಕೆಂಪು ಹಂಚಿನ ಮನೆಗಳು, ಬೆನ್ನಿಗೆ ದ್ರಾಕ್ಷಿ ಬೆಳೆದ ಗುಡ್ಡ.

"ಅಜ್ಜಿ, ಈಸ್ ದಿಸ್ ಯುವರ್ ಜರ್ಮನಿ?"

"ಹೌದು."

"ಇಟ್ಸ್ ಸೋ ಸ್ಮಾಲ್."

ಹಾಲು ತರುವುದಕ್ಕೂ ಕಾರು ಹತ್ತುವ ಹುಡುಗಿ. ಅವಳಿಗೆ ಆ ಊರು ಒಂದು ಪಾರ್ಕಿಂಗ್ ಲಾಟಿನಷ್ಟೇ ಕಂಡಿದ್ದರೆ ತಪ್ಪೇನಿಲ್ಲ.

ನಾನು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವಳು. ಇತಿಹಾಸ, ಭೂಗೋಳ ನನ್ನ ತನಕ ಬರುವ ಮೊದಲೇ ಪಾಟಿ ಒಡೆದಿತ್ತು. ಹಾಗಿದ್ದೂ ಒಂದು ಊರಿನ ಇತಿಹಾಸ, ಭೂಗೋಳ ನನಗೆ ಬರುತ್ತದೆ ಎಂದರೆ ಅದು ಇದರದ್ದೇ. ಹೆಸರು ಮಾತ್ರ ಕೇಳಬೇಡಿ. ಅದನ್ನು ಸರಿಯಾಗಿ ಹೇಳಲು ಗಂಟಲಲ್ಲಿ ಕಫ ಇರಬೇಕು. ನಮ್ಮವರು ನೂಲಿನ ಗಿರಣಿಯಲ್ಲಿ ಫಿಟ್ಟರ್ ಆಗಿದ್ದರು. ಹೊಸ ಯಂತ್ರ ಕಲಿತು ಬರಲಿ ಎಂದು ಗಿರಣಿಯವರು ಅಲ್ಲಿಗೆ ಕಳಿಸಿದರು. ಹೊಸದಾಗಿ ಮದುವೆಯಾದವಳು ನಾನು, ಜೊತೆಗೆ ಹೋದೆ.

ಆ ಊರು ತಲೆಯಲ್ಲಿ ಹೊಕ್ಕು ಕೂರಲು ಫೋನೊಂದೇ ಕಾರಣವಲ್ಲ. ನನಗೆ ಮೂವರು ಮಕ್ಕಳು, ಮೂರು ಊರು. ಹಿರಿಯವ ಗಿರೀಶ ಅಲೆನ್‌ನಲ್ಲಿ, ನಡುವಿನವ ಹ್ಯೂಸ್ಟನ್ನಿನಲ್ಲಿ, ಮಗಳು ಶೋಭಾ ರೌಂಡ್ ರಾಕ್‌ನಲ್ಲಿ. ಒಬ್ಬೊಬ್ಬರ ಹತ್ತಿರ ನಾಲ್ಕು ನಾಲ್ಕು ತಿಂಗಳು. ನಾನು ಬಂದ ಹೊಸದರಲ್ಲೇ ಮೂವರೂ ಕೂತು ಮಾಡಿಕೊಂಡ ಪಾಳಿ ಇದು. ಈ ಸಲ ಶೋಭಾನ ಪಾಳಿ ಬರುವ ಹೊತ್ತಿಗೆ ಅವಳ ಕೆಲಸ ಹೋಯಿತು. ದೊಡ್ಡ ಮನೆ ಬಿಟ್ಟು ಒಂದೇ ಕೋಣೆಯ ಅಪಾರ್ಟ್‌ಮೆಂಟಿಗೆ ಶಿಫ್ಟ್ ಆದಳು. ಗಂಡನಿಂದ ಮೊದಲೇ ಬೇರೆಯಾಗಿದ್ದವಳು.

ಒಂದು ದಿನ ಊಟಕ್ಕೆ ಕೂತಾಗ ಗಿರೀಶ ಹೇಳಿದ: "ಅವ್ವ, ಈ ಸಲ ಶೋಭಾನ ಕಡೆ ಬ್ಯಾಡ. ಆಕಿದೇ ಆಕಿಗೆ ರಗಡ ಆಗೇದ. ಆಕಿ ಪಾಳೀನೂ ನಾನೇ ಮಾಡ್ತೀನಿ."

"ಆಕೀನ ಕೇಳಿದೇನು?"

"ಫೋನ್ ಮಾಡಿ ಹೇಳೀನಿ. ಹೂಂ ಅಂದ್ಲು."

"ಬರೇ ಹೂಂ?"

"ಮತ್ತೇನ್ ಅನಬೇಕವ್ವ?"

ಸೊಸೆಯೂ ರೊಟ್ಟಿ ಹಾಕುತ್ತ ಅಂದಳು, "ನೀವು ನಮಗ ಭಾರ ಆಗ್ತೀರೇನ್ರಿ ಅತ್ತಿ? ಆರಾಮ ಇಲ್ಲೇ ಇರ್ರಿ." ಮನಸ್ಸಿನಿಂದಲೇ ಅಂದ ಮಾತು. ಅವರ ಮನೆಯಲ್ಲಿ ನನಗೆ ಸುಖವೂ ಇದೆ. ಕೆಳಗೇ ಕೋಣೆ, ಬಿಸಿನೀರು, ಟೀವಿ. ಆದರೆ ಆ "ಹೂಂ" ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಉಳಿಯಿತು. ಎಲ್ಲದಕ್ಕೂ ಎದುರು ಮಾತಾಡುವ ಹುಡುಗಿ ಶೋಭಾ. ಹೂಂ ಅನ್ನುವುದು ಅವಳ ಜಾತಕದಲ್ಲೇ ಇಲ್ಲ. ಹೋಗಲೋ, ಇಲ್ಲೇ ಇರಲೋ ಎಂದು ತಲೆ ಕೆಡಿಸಿಕೊಂಡಿದ್ದಾಗಲೇ ಅನ್ವಿ ಆ ಹೊಳೆ ತೋರಿಸಿದ್ದು.

ಜರ್ಮನಿಯ ಆ ಊರಿನಲ್ಲಿ ಎರಡು ಊರುಗಳಿವೆ. ಗುಡ್ಡಕ್ಕೆ ಹತ್ತಿಕೊಂಡ ಮೇಲಿನದು, ಹೊಳೆಗೆ ಹತ್ತಿಕೊಂಡ ಕೆಳಗಿನದು. ಮೇಲೆ ಚರ್ಚು, ಕಚೇರಿ, ಉಳ್ಳವರು. ಕೆಳಗೆ ಒಂದು ಕಾಲಕ್ಕೆ ಚರ್ಮ ಹದ ಮಾಡುವವರು ಇದ್ದರಂತೆ. ಹೊಳೆ ಬೇಕಾಗುತ್ತಿತ್ತು, ನಾತವನ್ನು ಮೇಲಿನವರು ತಾಳುತ್ತಿರಲಿಲ್ಲ. ಈ ವಿಷಯದಲ್ಲಿ ಜರ್ಮನಿಯೂ ನಮ್ಮೂರೂ ಒಂದೇ. ಬಾಡಿಗೆ ಕಡಿಮೆ ಅಂತ ನಮಗೆ ಸಿಕ್ಕಿದ್ದು ಕೆಳಗಿನ ಓಣಿಯಲ್ಲೇ, ಮೂರು ಒಕ್ಕಲಿನ ಹಳೇ ಮನೆಯ ಅಟ್ಟದ ಮೇಲೆ. ಕೆಳ ಅಂತಸ್ತಿನಲ್ಲಿ ಹೆಲ್ಗಾ ಬಾಯಿ. ವಯಸ್ಸಾದವಳು, ಮಂಡಿ ನೋವು, ನಗು ಕಡಿಮೆ.

ಆ ಮನೆಯಲ್ಲಿ ಒಂದು ಮರದ ಹಲಗೆ ಇತ್ತು. ವಾರಕ್ಕೊಬ್ಬರ ಬಾಗಿಲಿಗೆ ಅದನ್ನು ತೂಗಿಹಾಕುವರು. ಯಾರ ಬಾಗಿಲಲ್ಲಿ ಹಲಗೆಯೋ, ಆ ವಾರ ಮೆಟ್ಟಿಲೂ ಮುಂದಿನ ರಸ್ತೆಯೂ ಅವರೇ ಗುಡಿಸಬೇಕು. ನಮ್ಮವರು ಇದನ್ನೆಲ್ಲ ನನಗೆ ಹೇಳಿದ್ದರು. ಆದರೆ ನಮ್ಮ ಕಡೆ ಮೊದಲು ಎದ್ದವಳು ಗುಡಿಸುತ್ತಾಳೆ. ಕಸ ಬಿದ್ದ ಹೊಸ್ತಿಲು ದಾಟಲು ಕಾಲು ಏಳುವುದಿಲ್ಲ. ಹೆಲ್ಗಾ ಬಾಯಿಯ ವಾರ ಬಂತು. ಪಾಪ, ಮುದುಕಿ, ಬಗ್ಗಲಾರಳು ಎಂದು ಬೆಳಿಗ್ಗೆಯೇ ಎದ್ದು ಎಲ್ಲ ಗುಡಿಸಿ, ಒರೆಸಿ, ಅವಳ ಬಾಗಿಲ ಮುಂದೆ ಹಿಟ್ಟಿನಲ್ಲಿ ನಾಲ್ಕೆಳೆ ರಂಗೋಲಿಯನ್ನೂ ಬಿಟ್ಟೆ. ಮೂರು ದಿನ ಹೀಗೇ ನಡೆಯಿತು. ಬಹಳ ಒಳ್ಳೆಯವಳು ನಾನು ಅಂತ ನನ್ನ ಬಗ್ಗೆ ನನಗೇ ಅನ್ನಿಸಿತ್ತು.

ನಾಲ್ಕನೇ ದಿನ ಮನೆಯ ಮಾಲಕ ನಮ್ಮವರನ್ನು ಕರೆದು ಕೋಣೆ ಖಾಲಿ ಮಾಡಿ ಎಂದ. ನಮ್ಮವರು ಬಿಳಿಚಿಕೊಂಡು ಮೇಲೆ ಬಂದರು.

"ನಿನ್ನ ಕೈಗೆ ಸುಮ್ನಿರಾಕ ಬರೂದಿಲ್ಲೇನು? ಆಕಿ ವಾರದಾಗ ಗುಡಿಸಿ, ಹೆಲ್ಗಾ ಬಾಯಿ ಹೊಲಸು ಹೆಂಗಸು ಅಂತ ನೀ ಓಣಿಗೆಲ್ಲ ಸಾರಿದಿ ಅಂತ. ಬಾಗಲಕ್ಕ ಗುರುತು ಬ್ಯಾರೆ ಹಾಕೀ ಅಂತ."

"ರಂಗೋಲಿರೀ ಅದು."

"ಅವರಿಗೇನ್ ಗೊತ್ತು ರಂಗೋಲಿ? ಹೋಗಿ ತಪ್ಪಾತು ಅಂತ ಕೇಳ್ಕೋ."

ಇಬ್ಬರೂ ಇಳಿದು ಹೋದೆವು. ಹೆಲ್ಗಾ ಬಾಯಿ ಕೂಗಾಡಲಿಲ್ಲ. ಕೋಲು ಹಿಡಿದು ನಮ್ಮನ್ನು ಹೊಳೆಯ ದಡಕ್ಕೆ ಕರೆದೊಯ್ದಳು. ಅಲ್ಲಿ ಹಳೆಯ ಕೋಟೆಬಾಗಿಲ ಕಲ್ಲಿನಲ್ಲಿ ಗೀಟು ಕೊರೆದಿದ್ದರು, ಒಂದರ ಮೇಲೊಂದು. ಮಹಾಪೂರ ಬಂದಾಗಲೆಲ್ಲ ನೀರು ಎಲ್ಲಿಯ ತನಕ ಏರಿತ್ತು ಅನ್ನುವ ಗುರುತು. ಕೆಲವು ನನ್ನ ತಲೆಗಿಂತ ಮೇಲಿದ್ದವು. ಅವಳು ಹೇಳಿದ್ದನ್ನು ನಮ್ಮವರು ತಿಳಿದಷ್ಟು ಕನ್ನಡಕ್ಕೆ ಹಾಕಿದರು. ನೀರು ಇಳಿದ ಮೇಲೆ ಓಣಿಯ ತುಂಬ ಕೆಸರು. ಮನೆಗೆ ಇಷ್ಟಿಷ್ಟು ಅಂತ ಅಳತೆ ಹಾಕಿ ಹಂಚುತ್ತಿದ್ದರಂತೆ. ಗಂಡ ಸತ್ತವಳಿಗೂ ಪಾಲು, ಕುಂಟನಿಗೂ ಪಾಲು. ನಿಧಾನ ಎತ್ತಿದರೂ ನಡೆಯುತ್ತಿತ್ತು. ಯಾರಿಗೆ ಪಾಲು ಕೊಡುತ್ತಿರಲಿಲ್ಲವೋ, ಅವರನ್ನು ಊರು ಲೆಕ್ಕದಿಂದ ಬಿಟ್ಟ ಹಾಗೆ. ಆಮೇಲೆ ಕೆಸರು ಹೋಯಿತು, ಗುಡಿಸುವ ವಾರ ಉಳಿಯಿತು. ನಿಜವೋ, ಅವಳು ಕಟ್ಟಿದ ಕಥೆಯೋ, ನನಗೆ ಗೊತ್ತಿಲ್ಲ. ನನ್ನ ಇತಿಹಾಸದ ಮೇಷ್ಟ್ರು ಅವಳೊಬ್ಬಳೇ.

ಮರುದಿನ ಅವಳು ಮೆಟ್ಟಿಲ ಮೇಲೆ ಕೂತುಕೊಂಡೇ, ಒಂದೊಂದಾಗಿ ಸರಿಯುತ್ತ ಗುಡಿಸಿದಳು. ಮೂಲೆಯಲ್ಲಿ ಎಲೆ ಉಳಿದಿದ್ದವು. ನನ್ನ ಕೈ ತುರಿಸಿತು. ದಾಟಿಕೊಂಡು ಹೋದೆ. ಮಾಲಕ ಮತ್ತೆ ಕೋಣೆಯ ಮಾತು ಎತ್ತಲಿಲ್ಲ; ಅವಳೇ ಬೇಡ ಎಂದಿರಬೇಕು.

ಇಷ್ಟನ್ನು ನೆನೆಸಿಕೊಂಡ ಮೇಲೆ ಗಿರೀಶನಿಗೆ ಹೇಳಿದೆ, "ನಿನ್ನ ಪಾಳಿ ಮುಗೀತು. ನಾ ಶೋಭಾನ ಕಡೆ ಹೋಗ್ತೀನಿ."

"ಆಕಿಗೆ ಹೊರಿ ಆಗ್ತದವ್ವ."

"ಆದ್ರ ಆಗ್ಲಿ. ಕೆಲಸ ಹೋಗೇದ, ಮಗಳಾಗೂದು ಹೋಗಿಲ್ಲ."

ಅವನ ಮುಖ ಸಪ್ಪಗಾಯಿತು. ಒಳ್ಳೆಯದು ಮಾಡಲು ಹೋದವರ ಮುಖ ಹಾಗೇ ಆಗುತ್ತದೆ, ನನ್ನದೂ ಆಗಿತ್ತು. ಶೋಭಾಗೆ ಫೋನ್ ಮಾಡಿದೆ.

"ಯಾವಾಗ ಬರ್ಲಿ?"

"ಅಣ್ಣ ಹೇಳ್ಲಿಲ್ಲೇನು ನಿನಗ?"

"ಅಂವ ಅಂವಂದು ಹೇಳ್ಯಾನ. ನೀ ನಿಂದು ಹೇಳು."

"ಮನಿ ಸಣ್ಣದವ್ವ. ಬಾಕ್ಸ್ ಸೈತ ಬಿಚ್ಚಿಲ್ಲ."

"ನಾ ಬಾಕ್ಸ್ ನೋಡಾಕ ಬರೂದಿಲ್ಲ."

"ಶನಿವಾರ ಬರ್ತೀನಿ," ಅಂದಳು. "ಅಣ್ಣಗ ಡ್ರಾಪ್ ಮಾಡೂದು ಬ್ಯಾಡ ಅಂತ ಹೇಳು. ನಾನೇ ಡ್ರೈವ್ ಮಾಡ್ಕೊಂಡು ಬಂದು ಕರಕೊಂಡು ಹೋಗ್ತೀನಿ."

ಈಗ ರೌಂಡ್ ರಾಕ್‌ನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಮಂಚ ನನಗೆ, ಸೋಫಾ ಅವಳಿಗೆ. ಬೇಡ ಅನ್ನಲು ಬಾಯಿ ತೆರೆದು ಮುಚ್ಚಿಕೊಂಡೆ. ಬೆಳಿಗ್ಗೆ ಉಪ್ಪಿಟ್ಟು ಮಾಡುತ್ತಾಳೆ, ಗಂಟು ಗಂಟು. ತಿನ್ನುತ್ತೇನೆ. ನಿನ್ನೆ ಹೇಗಾಗಿದೆ ಎಂದು ಕೇಳಿದಳು.

"ಉಪ್ಪು ಕಡಿಮಿ," ಅಂದೆ.

"ನಿನಗ ಬಿಪಿ ಅದ. ಸುಮ್ನ ತಿನ್ನು," ಎಂದು ಉಪ್ಪಿನ ಡಬ್ಬಿಯನ್ನು ನನ್ನ ಕೈಗೆ ಎಟುಕದ ಹಾಗೆ ಮೇಲಿಟ್ಟಳು. ಕೆಲಸ ಹೋದ ಮೇಲೆ ಅವಳು ಯಾರನ್ನಾದರೂ ಗದರಿಸಿದ್ದು ಅದೇ ಮೊದಲಿರಬೇಕು. ಸುಮ್ಮನೆ ತಿಂದೆ.